ಚೂರೂ ಕಹಿ ಇಲ್ಲ

ಬೀಗ ರಿಪೇರಿಯವನಿಗೆ ಮೊದಲೇ ಗುಮಾನಿ ಜಾಸ್ತಿ. ದಿನವಿಡೀ ಕಳ್ಳರ ಕಥೆ ಕೇಳುವವನು, ಪಾಪ, ಇನ್ನೇನಾಗಿಯಾನು? ಅಂಥವನನ್ನು ಹೆಂಡತಿ ಕಾಲೇಜಿಗೆ ಎಳೆದುಕೊಂಡು ಹೋದಳು. ಅವಳು ಮಕ್ಕಳ ವಾರ್ಡಿನ ನರ್ಸು. "ಡಿಎನ್‌ಎ ಹೇಗಿರುತ್ತೆ ಅಂತ ಕಂಡುಹಿಡಿದ ದಿನವಂತೆ ಕಣ್ರೀ, ಪುಟ್ಟಿ ನೋಡಲಿ."

ಕಾರಿಡಾರಿನ ತುಂಬ ರಿಬ್ಬನ್ನಿನ ತಿರುಚಿದ ಏಣಿಗಳು. ಬಾಳೆಹಣ್ಣು ಕಿವುಚಿ ಅದರ ಡಿಎನ್‌ಎಯ ಬಿಳಿ ಎಳೆ ಎತ್ತಿ ತೋರಿಸಿದಾಗ ಪುಟ್ಟಿ ಕುಣಿದಾಡಿಬಿಟ್ಟಳು. ಕೊನೆಯ ಮೇಜಿನಲ್ಲಿ ಯಾವುದೋ ರಾಸಾಯನಿಕ ಸವರಿದ, ನಾಲಿಗೆಗಿಡುವ ಕಾಗದದ ಚೂರುಗಳಿದ್ದವು. ಕೆಲವರಿಗೆ ಕಡುಕಹಿ, ಕೆಲವರಿಗೆ ಬರೀ ಸಪ್ಪೆ. ಎಲ್ಲ ಹೆತ್ತವರಿಂದ ಬಂದದ್ದಂತೆ.

ಅವನಿಗೆ ಸಪ್ಪೆ. ಹೆಂಡತಿಯೂ ನಾಲಿಗೆಗಿಟ್ಟು, "ಚೂರೂ ಕಹಿ ಇಲ್ಲ" ಅಂತ ನಕ್ಕಳು. ಪುಟ್ಟಿ ಇಟ್ಟುಕೊಂಡವಳೇ "ಥೂ ಥೂ!" ಅಂತ ಉಗಿದಳು. ತಾಯಿ ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದಳು.

"ಅಪ್ಪ ಅಮ್ಮ ಇಬ್ಬರಿಗೂ ಸಪ್ಪೆ ಆದ್ರೆ, ಸಾಮಾನ್ಯವಾಗಿ ಮಗೂಗೂ ಸಪ್ಪೆನೇ," ಅಂತ ಮೇಜಿನ ಹಿಂದಿದ್ದ ಮೇಷ್ಟ್ರು ತಲೆ ಕೆರೆದುಕೊಂಡರು. "ಸಾಮಾನ್ಯವಾಗಿ" ಅನ್ನೋದು ಇವನ ಕಿವಿಗೆ ಬಿದ್ದರೆ ತಾನೆ! ಮೆಲ್ಲಗೆ ಒಂದು ಚೂರು ಜೇಬಿಗಿಳಿಸಿದ.

ಅಂದಿನಿಂದ ತಲೆಯಲ್ಲಿ ಹುಳ. ಪುಟ್ಟಿಯ ಮೂಗು ಯಾರದು? ಕಿವಿ ಯಾರದು? ಮಗು ಹೆಗಲೇರಲು ಬಂದರೆ "ಸೊಂಟ ನೋವು" ಅಂದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ ಹೆಂಡತಿಯ ನೈಟ್ ಡ್ಯೂಟಿ ಹಳದಿ, ಅವಳನ್ನು ಮನೆಗೆ ಬಿಟ್ಟುಹೋಗುವ ಆಂಬುಲೆನ್ಸ್ ಡ್ರೈವರೂ ಹಳದಿ. ಹೆಂಡತಿ ಮಗು ಇಬ್ಬರೂ ಒಟ್ಟಿಗೇ ಕೈತಪ್ಪಿ ಹೋದಂತೆ ಸಂಕಟ ಅವನಿಗೆ.

ಭಾನುವಾರ ಪುಟ್ಟಿ ಆಡಲು ಹೋದದ್ದೇ ತಡ, ಬಟ್ಟೆ ಮಡಚುತ್ತಿದ್ದವಳ ಮುಂದೆ ಕಾಗದ ಹಿಡಿದ.

"ಇನ್ನೊಂದು ಸಲ ನೆಕ್ಕು."

"ಈಗ್ಯಾಕ್ರೀ?"

"ನೆಕ್ಕೇ ಅಂದ್ರೆ!"

ನೆಕ್ಕಿದಳು. ಮುಖ ಹಿಂಡಿಕೊಂಡು ಸಿಂಕಿಗೆ ಓಡಿದಳು.

"ಅವತ್ತು ಕಹಿ ಇಲ್ಲ ಅಂದ್ಯಲ್ಲ?"

"ಪುಟ್ಟಿ ನನ್ನ ಮುಖಾನೇ ನೋಡ್ತಿದ್ಳಲ್ಲ! ವಾರ್ಡಲ್ಲಿ ದಿನಾ ಇದೇ ಕೆಲಸ. ಔಷಧಿ ಮೊದಲು ಒಂದು ಹನಿ ನನ್ನ ನಾಲಿಗೆಗೆ, ಆಮೇಲೆ ಮಕ್ಕಳಿಗೆ. ನಾನೇ ಮುಖ ಕಿವುಚಿದ್ರೆ ಯಾವ ಮಗು ಬಾಯಿ ತೆರೆಯುತ್ತೆ?"

ಹೋದ ಜೀವ ಬಂದಂತಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಲಿಲ್ಲ. ಬಾಯಿ ಒರೆಸಿಕೊಂಡು ಕೇಳಿದಳು:

"ಅದಕ್ಕಾ, ಪುಟ್ಟೀನ ಹೆಗಲ ಮೇಲೆ ಕೂರಿಸ್ಕೊಳ್ಳದೇ ಇದ್ದಿದ್ದು?"

ಅವನ ನಗು ನಿಂತಿತು. ನಾಚಿಕೆಯಿಂದ ಹಿಡಿಯಷ್ಟಾದ.

"ತಪ್ಪಾಯ್ತು ಕಣೇ. ಬೇಜಾರಾಯ್ತಾ?"

ಅವಳು ಅವನ ಕಣ್ಣನ್ನೇ ನೋಡುತ್ತ, ಕಾಲೇಜಿನಲ್ಲಿ ನಕ್ಕಿದ್ದಳಲ್ಲ, ಥೇಟ್ ಹಾಗೇ ನಕ್ಕಳು.

"ಚೂರೂ ಇಲ್ಲ," ಅಂದಳು.