ಮುಯ್ಯಾಳು

ಪುಷ್ಪಾವತಿಯ ಬಲಗೈಯ ಎರಡು ಬೆರಳು ಹೋದದ್ದು ದೇವರಾಜುವಿನ ನಾರಿನ ಮಿಲ್ಲಿನಲ್ಲಿ. ಕೇಸು ಕೆಟ್ಟದ್ದು ಮಾತ್ರ ಆಸ್ಪತ್ರೆಯ ಮಂಚದ ಮೇಲೆ, ಅವಳ ಬಾಯಿಂದಲೇ.

ಮಿಲ್ಲಿರುವುದು ಚನ್ನರಾಯಪಟ್ಟಣದ ಹೈವೇ ಪಕ್ಕ. ಯಂತ್ರದ ಬೆಲ್ಟಿಗೆ ಹೊದಿಸಿದ್ದ ತಂತಿಜಾಲರಿಯನ್ನು ದೇವರಾಜು ಬಿಚ್ಚಿಸಿದ್ದ. ಸಿಕ್ಕಿಕೊಂಡ ತೆಂಗಿನ ಸಿಪ್ಪೆ ಕೀಳುವಾಗ ಕೈಗೆ ಅಡ್ಡ ಬರುತ್ತದೆಂದು ಅವನ ದೂರು. ಅಡ್ಡ ಬರಲಿ ಎಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆಂಬುದು ಅವನಿಗೆ ಹೊಳೆದಿರಲಿಲ್ಲ.

ಪೊಲೀಸಿನವನು ಹೇಳಿಕೆ ಬರೆದುಕೊಳ್ಳಲು ಬಂದಾಗ ಮಂಚದ ಪಕ್ಕದಲ್ಲಿ ಅತ್ತೆ ಅಣ್ಣಮ್ಮ ಕೂತಿದ್ದಳು. ನಾಲ್ಕು ಎಕರೆ ಹೊಲವಿದ್ದ ಮನೆಯ ಸೊಸೆ ಕೂಲಿಗೆ ಹೋಗುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಕೇಳಿದವರಿಗೆ ಅಣ್ಣಮ್ಮ ಆರು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದಳು: "ದೇವರಾಜನ ಮನೇಗೆ ಮುಯ್ಯಾಳಾಗಿ ಓಗವ್ಳೆ ಕಣವ್ವ."

ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ನಡುವೆ ಕೂಲಿಯ ಮಾತಿಲ್ಲ. ಮುಯ್ಯಿ ಎಂದರೆ ಮರ್ಯಾದಸ್ಥರ ಲೆಕ್ಕ.

"ಯಾವ ಕೆಲ್ಸಕ್ಕಮ್ಮ ಹೋಗಿದ್ದೆ?" ಎಂದು ಪೊಲೀಸಿನವನು ಕೇಳಿದ. ಆ ನೋವಿನಲ್ಲೂ ಪುಷ್ಪಾವತಿ ಅತ್ತೆಯ ಮುಖ ನೋಡಿದಳು.

"ಮುಯ್ಯಾಳಾಗಿ ಓಗಿದ್ದೆ ಸಾ."

ಅವನು ಹಾಗೇ ಬರೆದ. ಸಹಿ ಮಾಡುವ ಕೈಗೆ ಬ್ಯಾಂಡೇಜು ಸುತ್ತಿದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಪರಿಹಾರದ ಅರ್ಜಿ ಹಾಕಲು ಹೋದಾಗ ವಕೀಲೆ ಯಶೋಧರಾ ಆ ಹಾಳೆ ಓದಿ ಕನ್ನಡಕ ತೆಗೆದಿಟ್ಟರು.

"ಕೆಲ್ಸದಲ್ಲಿ ಏಟಾದ್ರೆ ಮಾಲೀಕ ಪರಿಹಾರ ಕೊಡ್ಬೇಕು, ಅದು ಕಾನೂನು. ಆದ್ರೆ ಅವ್ನು ಮಾಲೀಕ, ನೀವು ಕೆಲಸಗಾರ್ತಿ ಅಂತ ಮೊದ್ಲು ಆಗ್ಬೇಕಲ್ಲಮ್ಮ! ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ. ಇರೋದೊಂದು ಕಾಗದ, ಅದ್ರಲ್ಲಿ ನೀವೇ ಅವನನ್ನ ಬಿಡಿಸಿಬಿಟ್ಟಿದ್ದೀರಿ."

ಜೊತೆಯಲ್ಲಿ ದುಡಿದವರು ಸಾಕ್ಷಿಗೆ ಬರಲಿಲ್ಲ. ಅವರಿಗೆ ಮರುದಿನವೂ ಮಿಲ್ಲಿಗೆ ಹೋಗಬೇಕಿತ್ತು.

ವಿಚಾರಣೆಯ ದಿನ ಕೋರ್ಟಿನ ಜಗಲಿಯಲ್ಲಿ ದೇವರಾಜು ಎದುರಾದ. ಇಸ್ತ್ರಿ ಮುರಿಯದ ಬಿಳಿ ಬಟ್ಟೆ.

"ಏನವ್ವ ಪುಷ್ಪ, ನಮ್ಮನೆ ಎಣ್ಮಗಳಿದ್ದಂಗಿದ್ದೆ. ಕೋರ್ಟು ಗೀರ್ಟು ಯಾಕವ್ವ ಬೇಕಿತ್ತು? ಅಬ್ಬಕ್ಕೆ ಸೀರೆ ಕೊಡುಸ್ತಿರ್ಲಿಲ್ವಾ?"

ಪುಷ್ಪಾವತಿಯ ಇಲ್ಲದ ಬೆರಳುಗಳು ಉರಿದವು. ಅವಳು ಅವನನ್ನು ದಾಟಿ ಒಳಗೆ ನಡೆದಳು.

ಒಳಗೆ ಅವನ ವಕೀಲ ರಜನೀಶ್ ಬಹಳ ನಯವಾಗಿ ಶುರುಮಾಡಿದ.

"ಮುಯ್ಯಾಳು. ಇದು ನೀವೇ ಹೇಳಿದ ಪದ ತಾನೆ?"

"ಊ ಸಾ."

"ಮುಯ್ಯಾಳಿಗೆ ಕೂಲಿ ಕೊಡುವ ಪದ್ಧತಿ ಇಲ್ಲ, ಅಲ್ಲವೆ?"

"ಇಲ್ಲ ಸಾ."

ರಜನೀಶ್ ಕೂರಲು ಹೊರಟ. ದೇವರಾಜು ಮೀಸೆಯ ಮೇಲೆ ಬೆರಳಾಡಿಸಿದ; ಹತ್ತೂ ಬೆರಳು ನೆಟ್ಟಗಿದ್ದವು. ಪುಷ್ಪಾವತಿಗೆ ಅಷ್ಟು ಸಾಕಾಯಿತು.

"ಮುಯ್ಯಿ ಅಂದ್ರೆ ತಿರುಗಿ ಬರ್ಬೇಕಲ್ವಾ ಸಾ? ಆರು ವರ್ಷ ನಾನ್ ಓದೆ. ನಮ್ಮ ರಾಗಿ ಕುಯ್ಯಕ್ಕೆ ಇವ್ರ ಮನೆಯಿಂದ ಒಂದ್ ನರಪಿಳ್ಳೆ ಬಂದಿತ್ತಾ? ಇವ್ರ ಎಂಡ್ರು ಬಂದಿದ್ರಾ? ಮುಯ್ಯಾಳು ಅಂತ್ಲೇ ಬರ್ಕಳಿ. ನಾಳೆ ಈವಣ್ಣ ಕಚ್ಚೆ ಕಟ್ಕೊಂಡು ನಮ್ ವಲಕ್ಕೆ ಬಂದು ಗೊಬ್ರ ಒರ್ಲಿ! ಆಮೇಕೆ ಎರಡು ಬೆರಳು ಕುಯ್ದು ಮಡಗ್ಲಿ, ಮುಯ್ಯಿ ತೀರೋಗ್ಲಿ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ದೇವರಾಜು ಎದ್ದು ನಿಂತೇಬಿಟ್ಟ.

"ಲೇ, ನಿನ್ ವಲದಲ್ಲಿ ಗೊಬ್ರ ಒರಕ್ಕೆ ನಾನೇನು ನಿನ್ ಮನೆ ಆಳಾ? ಪುಕ್ಸಟ್ಟೆ ಮಾಡಿದ್ಯಾ ನೀನು? ಶನಿವಾರ ಶನಿವಾರ ಕೂಲಿ ಎಣ್ಸಿಲ್ವಾ ಕೈಗೆ?"

ರಜನೀಶ್ ಅವನ ತೋಳು ಹಿಡಿದು ಎಳೆದ. ತಡವಾಗಿತ್ತು. ನ್ಯಾಯಾಧೀಶರು ಕಡತದಿಂದ ತಲೆಯೆತ್ತಿದರು.

"ಕೂಲಿ ಕೊಡುತ್ತಿದ್ದಿರಾ? ಮುಂದಿನ ವಾಯಿದೆಗೆ ಕಟಕಟೆಗೆ ಬಂದು ಪ್ರಮಾಣ ಮಾಡಿ ಹೇಳಿ." ಪುಷ್ಪಾವತಿಯ ಕಡೆ ತಿರುಗಿದರು. "ನೀವು ಯಾರಾಗಿ ಹೋಗುತ್ತಿದ್ದಿರಿ, ಸ್ಪಷ್ಟವಾಗಿ ಹೇಳಿ."

"ಕೂಲಿಯೋಳು ಸಾ."

ಹೇಳಿಕೆ ಬೆರಳಚ್ಚು ಮಾಡುತ್ತಿದ್ದವನಿಗೆ ಕೇಳಿಸಲಿಲ್ಲ. ಅವಳು ಮತ್ತೆ, ಜಗಲಿಗೂ ಕೇಳುವಂತೆ ಕೂಗಿದಳು: "ಕೂಲಿಯೋಳು!"

ಹೊರಗೆ ಅಣ್ಣಮ್ಮ ಸೆರಗು ಕಚ್ಚಿಕೊಂಡು ಕಾದಿದ್ದಳು. "ಅಷ್ಟ್ ಜನದ ಮುಂದೆ ಅಂದ್ಬುಟ್ಯಲ್ಲೇ. ಮನೆ ಮಾನ ಕಳೆದ್ಬುಟ್ಟೆ."

"ಊ ಅತ್ತೆ, ಅಂದೆ. ಯಶೋಧರಮ್ಮನೋರು ನಿಮ್ಮನ್ನೂ ಸಾಕ್ಷಿ ಆಕ್ತಾವ್ರೆ. ಇವತ್ತಿಂದ್ಲೇ ಬಾಯಲ್ಲಿ ಆ ಮಾತು ರೂಢಿ ಮಾಡ್ಕಳಿ."