ಅರ್ಧಕ್ಕೆ ನಿಂತ ಮುಳ್ಳು

"ಆರಿಸಿ ಅಂದ್ರೆ ಕೇಳಿಸಲ್ವಾ? ಹೊಗೆಯೆಲ್ಲ ಒಳಗೆ ಬರ್ತಿದೆ!"

ಅಡುಗೆಮನೆಯ ಕಿಟಕಿಯಿಂದ ಮತ್ತೆ ಮತ್ತೆ ಕೂಗಿದರೂ ಕೆಳಗಿನ ಸದ್ದು ನಿಲ್ಲಲಿಲ್ಲ. ಆಕೆ ಒಲೆ ಸಣ್ಣ ಮಾಡಿ, ಕೈಯಲ್ಲಿದ್ದ ಸೌಟನ್ನು ಇಡುವುದನ್ನೂ ಮರೆತು ಮೆಟ್ಟಿಲಿಳಿದಳು. ದಿನವೂ ಬೆಳಗ್ಗೆ ಗಂಡ ಆ ಹಳೆಯ ಜರ್ಮನ್ ಕಾರನ್ನು ಶುರು ಮಾಡಿ, ಅದು ಕೆಮ್ಮಿ ಕ್ಯಾಕರಿಸಿ ಹದಕ್ಕೆ ಬರುವವರೆಗೆ ಒಳಗೇ ಕೂತಿರುತ್ತಿದ್ದರು. ಆಮೇಲೆ ಆರಿಸಿ, ಕೈ ತೊಳೆದು ತಿಂಡಿಗೆ ಬರುತ್ತಿದ್ದರು. ಅಂದು ತಿಂಡಿ ಆರಿಹೋಗುತ್ತಿತ್ತು.

"ಈ ಸವತಿ ಹತ್ರ ಇಷ್ಟು ಹೊತ್ತು ಅದೇನು ಗುಸುಗುಸುನೋ," ಎಂದು ಗೊಣಗುತ್ತ ಆಕೆ ಕಾರಿನ ಪಕ್ಕಕ್ಕೆ ಬಂದು ಸೌಟಿನಿಂದಲೇ ಗಾಜಿಗೆ ತಟ್ಟಿದಳು.

ಗಂಡ ಸೀಟಿನಲ್ಲಿ ಕೂತಿದ್ದರು. ತಲೆ ಕಾರಿನ ಬಾಗಿಲಿನ ಗಾಜಿಗೆ ಒರಗಿತ್ತು. ಎರಡು ಕೈಗಳೂ ತೊಡೆಯ ಮೇಲಿದ್ದವು. ಇಂಜಿನ್ನಿನ ನಡುಕಕ್ಕೆ ಅವರ ಗಲ್ಲ ಸಣ್ಣಗೆ ಅದುರುತ್ತಿತ್ತು. ಅದನ್ನು ಕಂಡು ಆಕೆ, ಏನೋ ಹೇಳುತ್ತಿದ್ದಾರೆ ಎಂದುಕೊಂಡಳು. ಬಾಗಿಲು ತೆಗೆದಾಗ ಅವರ ಭಾರವೆಲ್ಲ ಆಕೆಯ ಹೆಗಲ ಮೇಲೆ ಬಂತು.

ಮೊದಲು ಈ ಸದ್ದು ನಿಲ್ಲಲಿ ಎಂದು ಆಕೆ ಕೈಚಾಚಿ ಕೀಲಿ ತಿರುಗಿಸಿದಳು. ಕೀಲಿ ಕೈಗೆ ಬಂತು, ಇಂಜಿನ್ ನಿಲ್ಲಲಿಲ್ಲ. ಕೀಲಿ ಆಕೆಯ ಮುಷ್ಟಿಯಲ್ಲಿ, ಗಂಡ ಆಕೆಯ ಹೆಗಲಲ್ಲಿ, ಕಾರು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಓಡುತ್ತಲೇ ಇತ್ತು. ಬೀದಿಯ ತುದಿಯ ಗ್ಯಾರೇಜಿನವನು, ಎಲ್ಲರ ಬಾಯಲ್ಲಿ ಗ್ರೀಸಣ್ಣ, ಆಕೆಯ ಕೂಗಿಗೆ ಓಡಿ ಬಂದು ಬಾನೆಟ್ ಎತ್ತಿ ಒಳಗೆಲ್ಲೋ ಒಂದು ಸಣ್ಣ ಪಟ್ಟಿ ಒತ್ತಿದ. ಕಾರು ಮೈ ಕೊಡವಿ ಸುಮ್ಮನಾಯಿತು.

"ಕೀಲಿ ತೆಗೆದ್ರೆ ನಿಲ್ಲಲ್ಲ ಅಕ್ಕ ಇದು. ಇಂಜಿನ್ ನಿಲ್ಸೋ ಗಾಳಿ ಪೈಪು ಸೀಳಿದೆ. ಹೊಸದು ಹಾಕ್ತೀನಿ ಅಂದ್ರೆ, ಇರ್ಲಿ ಬಿಡಪ್ಪ, ಇಳಿದು ಕೈಯಲ್ಲಿ ಒತ್ತಿದ್ರಾಯ್ತು ಅಂತಿದ್ರು…" ಅಷ್ಟು ಹೇಳಿ ಅವನು ಒಳಗೆ ನೋಡಿದ.

ಆ ಸದ್ದು ಅಡಗಿದ ಮೇಲೆಯೇ, ಗಂಡ ಇನ್ನಿಲ್ಲವೆಂಬುದು ಆಕೆಗೆ ನಿಜವಾಗಿ ತಿಳಿದದ್ದು.

*

ಅವರು ಗಾಜು ಕೊಯ್ಯುವ ಕೆಲಸದವರು. ಕಿಟಕಿಗೆ ಗಾಜು, ಅಂಗಡಿಗೆ ಕನ್ನಡಿ. ಬೀದಿಯಲ್ಲಿ ಅವರ ಹೆಸರೇ ಗಾಜಿನವರು. ಡಾಕ್ಟರೊಬ್ಬರು ಓಡಿಸಿ ದಣಿಸಿದ ಆ ಕಾರನ್ನು ಕೊಂಡದ್ದೂ ಅದಕ್ಕೇ. ಬೇರೆ ಕಾರುಗಳ ಬೆನ್ನು ಮುಗಿಯುವಲ್ಲಿ ಇದರದು ಇನ್ನೊಂದು ಕೋಣೆಯಷ್ಟು ಹಿಂದಕ್ಕೆ ಚಾಚಿತ್ತು. ಹಿಂದಿನ ಸೀಟು ಮಡಚಿ, ಕಂಬಳಿ ಹಾಸಿ, ಮರದ ಚೌಕಟ್ಟಿನಲ್ಲಿ ಗಾಜು ನಿಲ್ಲಿಸಿ ಅವರು ಊರೆಲ್ಲ ಸುತ್ತುತ್ತಿದ್ದರು. ಕಾರನ್ನು ಅವರು ಮುದುಕಿ ಎನ್ನುತ್ತಿದ್ದರು. ಆಕೆ ಸವತಿ ಎನ್ನುತ್ತಿದ್ದಳು. ಗುಜರಿಯಿಂದ ತಂದ ಕಾರಿನ ಬಾಗಿಲ ಹಿಡಿ, ಎಲ್ಲಿಂದಲೋ ತರಿಸಿದ ರಬ್ಬರಿನ ಬಳೆ, ರಜೆಯ ದಿನವೆಲ್ಲ ಕಾರಿನಡಿ ಮಲಗಿದ ಗಂಡನ ಎರಡು ಕಾಲು: ಇವುಗಳ ನಡುವೆ ಆಕೆಯ ಸಂಸಾರ ಸಾಗಿತ್ತು.

ಹೊತ್ತು ಏರಿದ ಹಾಗೆ ನಡುಮನೆಯಲ್ಲಿ ಜನ ತುಂಬಿದರು. ಮಗ ತನ್ನ ಕೆಲಸದ ವ್ಯಾನನ್ನು ಬೀದಿಯ ಆಚೆ ಬಿಟ್ಟು ಬಂದಿದ್ದ. ಗಂಡನ ಅಣ್ಣ ಬಂದರು. ಆಕೆಯ ತಂಗಿ ಬಂದಳು. ಆಕೆಗೆ ಮಾತ್ರ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಗಂಡನ ತಲೆಯ ಬಳಿ ಕೂರುವಳು, ಏಳುವಳು, ಅಡುಗೆಮನೆಗೆ ಹೋಗಿ ಆರಿದ ಒಲೆಯನ್ನೇ ಮತ್ತೆ ಆರಿಸುವಳು, ಕಿಟಕಿಗೆ ಬಂದು ಕೆಳಗೆ ನೋಡುವಳು.

"ಕೂತ್ಕೋ ಅಕ್ಕ, ಒಂದ್ ನಿಮಿಷ ಕೂತ್ಕೋ. ನಿನ್ನ ನೋಡಿದ್ರೆ ನನಗೆ ತಲೆ ಸುತ್ತುತ್ತೆ," ಎಂದಳು ತಂಗಿ.

ಬಾಗಿಲ ಬಳಿ ಗಂಡಸರು ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಗಾಜಿನವರ ಕಾರಿನ ಹಿಂದೆ ಸಿಕ್ಕೊಂಡ್ರೆ ಮುಗೀತು ಕಥೆ. ಸೈಕಲ್ನೋರೂ ದಾಟ್ಕೊಂಡು ಹೋಗ್ತಿದ್ರು."

"ಒಳಗೆ ಗಾಜಿರ್ತಿತ್ತಲ್ಲಪ್ಪ."

"ಖಾಲಿ ಇದ್ದಾಗ್ಲೂ ಹಾಗೇ! ಕೇಳಿದ್ರೆ, ಮುದುಕೀನ ಓಡಿಸಬಾರದು ಕಣಯ್ಯ, ಮಂಡಿನೋವು ಅನ್ನೋರು."

ಯಾರೋ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದರು.

ಎದುರುಮನೆಯ ಅಜ್ಜಿ ಆಕೆಯ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. "ಮನಸ್ಸಲ್ಲಿ ಏನಾದ್ರೂ ಇದ್ರೆ ಈಗ್ಲೇ ಬಿಟ್ಬಿಡು ತಾಯಿ. ಹೋಗೋ ಜೀವಾನ ಹಿಡ್ಕೋಬಾರದು. ಬಾಯ್ತುಂಬ ದೇವರನ್ನ ಕೇಳ್ಕೊ, ಶಾಂತಿ ಕೊಡಪ್ಪಾ ಅಂತ."

ಆಕೆ ಕಣ್ಣು ಮುಚ್ಚಿದಳು. ದಿನಕ್ಕೆರಡು ಹೊತ್ತು ದೇವರ ಮುಂದೆ ಕೂತು ನುರಿತ ನಾಲಗೆ ಅದು. ಪಕ್ಕದ ಮನೆಯ ಬೆಕ್ಕು ಸತ್ತಾಗಲೂ ಆಕೆ ಪ್ರಾರ್ಥನೆ ಮಾಡಿದ್ದಳು. ಈಗ "ದೇವರೇ" ಎನ್ನುವವರೆಗೆ ಬಂತು, ಮುಂದೆ ಒಂದು ಮಾತೂ ಹೊರಡಲಿಲ್ಲ. ಆಕೆ ಅಜ್ಜಿಯ ಕೈ ಬಿಡಿಸಿಕೊಂಡು ಮತ್ತೆ ಎದ್ದಳು.

ಅಷ್ಟರಲ್ಲಿ ಹೊರಗೆ ವಾದ ಹುಟ್ಟಿತ್ತು.

"ಶವದ ವ್ಯಾನಿಗೆ ನಾನು ಆಗ್ಲೇ ಹೇಳಿದೀನಿ," ಎನ್ನುತ್ತಿದ್ದರು ಭಾವ.

"ಬೇಡ ಅನ್ನಿ ದೊಡ್ಡಪ್ಪ. ನನ್ನನ್ನ ಈ ಮುದುಕೀಲೇ ಕಳಿಸ್ರೋ ಅಂತ ಅಪ್ಪ ಯಾವಾಗ್ಲೂ ಅನ್ನೋರು," ಎಂದ ಮಗ.

"ತಮಾಷೆಗೆ ಅಂದದ್ದನ್ನ ಹಿಡ್ಕೊಂಡು ಕೂತ್ಕೋಬೇಡ. ನಡುದಾರೀಲಿ ಕೈಕೊಟ್ರೆ? ಎಲ್ಲರೂ ಇಳಿದು ತಳ್ಳೋದಾ?"

"ಗಾಡಿ ಗಟ್ಟಿಯಾಗಿದೆ ಸ್ವಾಮಿ," ಎಂದು ಗ್ರೀಸಣ್ಣ ನಡುವೆ ಬಾಯಿ ಹಾಕಿದ. "ನಿಲ್ಸೋದೇ ಕಷ್ಟ. ಓಡೋದರಲ್ಲಿ ಏನೂ ತಕರಾರಿಲ್ಲ."

"ತಕರಾರಿಲ್ವಂತೆ!" ತಂಗಿಯ ದನಿ ಏರಿತು. "ನಮ್ಮಮ್ಮ ಸಾಯೋ ದಿನ ಆ ದರಿದ್ರ ಕಾರಿನ ಪಂಪು ಕೆಟ್ಟು ಅಕ್ಕನಿಗೆ ಅಮ್ಮನ ಮುಖ ಸಿಗಲಿಲ್ಲ. ಅವತ್ತಿಂದ ಇವತ್ತಿನವರೆಗೂ ಅಕ್ಕ ಅದರಲ್ಲಿ ಕಾಲಿಟ್ಟಿಲ್ಲ. ಗೊತ್ತಾ ನಿನಗೆ?"

ಎಲ್ಲರೂ ಆಕೆಯ ಕಡೆ ತಿರುಗಿದರು. ಮಗನ ಕಣ್ಣು ಕೆಂಪಾಗಿತ್ತು.

"ಅದರಲ್ಲೇ ಹೋಗ್ಲಿ," ಎಂದಳು ಆಕೆ. "ನಾನು ಭಾವನ ಕಾರಲ್ಲಿ ಬರ್ತೀನಿ."

*

ವರ್ಷಗಳ ಹಿಂದಿನ ಆ ದಿನ, ಅಮ್ಮ ಉಳಿಯುವುದಿಲ್ಲವೆಂಬ ಸುದ್ದಿ ಬಂದೊಡನೆ ಗಂಡ ಹೆಂಡತಿ ಇಬ್ಬರೂ ಹೊರಟಿದ್ದರು. ಆಕೆ ಮುಂದಿನ ಸೀಟಿನಲ್ಲಿ ಕೂತು ಗಂಡನಿಗೆ ಬೇಗ, ಬೇಗ ಎನ್ನುತ್ತಿದ್ದಳು. ಎಂದೂ ಜೋರಾಗಿ ಓಡಿಸದ ಗಂಡ ಅಂದು ಜೋರಾಗಿ ಓಡಿಸಿದ್ದರು. ಊರು ದಾಟಿ ಬಯಲ ರಸ್ತೆಗೆ ಬಂದಾಗ ಕಾರು ಮುಗ್ಗರಿಸಿತು, ಉಸಿರು ಎಳೆಯಿತು, ರಸ್ತೆಯ ಬದಿಗೆ ಉರುಳಿ ನಿಂತಿತು.

ಗಂಡ ಡೀಸೆಲ್ ಮಟ್ಟ ತೋರಿಸುವ ಮುಳ್ಳನ್ನು ನೋಡಿದರು. ಬೆರಳಿನಿಂದ ಅದರ ಗಾಜಿಗೆ ತಟ್ಟಿದರು. ಮುಳ್ಳು ಅರ್ಧದಲ್ಲಿತ್ತು. ಅದು ಯಾವಾಗಲೂ ಅರ್ಧದಲ್ಲೇ ಇರುತ್ತಿತ್ತು, ಕೆಟ್ಟು ಹೋಗಿತ್ತು. ಎಷ್ಟು ಓಡಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕ ಗಂಡನ ತಲೆಯಲ್ಲಿರುತ್ತಿತ್ತು. ಅದೊಂದು ಹೆಮ್ಮೆ ಅವರಿಗೆ.

"ಪಂಪು ಹೋಯ್ತು ಅನ್ಸುತ್ತೆ. ನೀನು ಇಲ್ಲೇ ಕೂತಿರು," ಎಂದು ಅವರು ನಡೆದು ಹೋದರು.

ಆ ರಸ್ತೆಯಲ್ಲಿ ಬೇರೆ ಗಾಡಿ ಸುಳಿಯಲಿಲ್ಲ. ಆಕೆ ಕೂತಳು, ಇಳಿದಳು, ರಸ್ತೆ ನೋಡಿದಳು. ಬಹಳ ಹೊತ್ತಿನ ಮೇಲೆ ಗಂಡ ದೂರದಲ್ಲಿ ಕಾಣಿಸಿಕೊಂಡರು. ಕಾರಿನ ಹಿಂಬದಿಗೆ ಬಂದು, ಆಕೆಗೆ ಕಾಣಬಾರದೆಂದು ಬಗ್ಗಿಕೊಂಡು ಟ್ಯಾಂಕಿಗೆ ಏನೋ ಸುರಿದರು. ಖಾಲಿ ಡಬ್ಬವನ್ನು ಮೋರಿಯ ಮರೆಗೆ ಎಸೆದರು. ಆಕೆ ಎಲ್ಲವನ್ನೂ ಒಳಗೆ ಕೂತು ಬದಿಯ ಸಣ್ಣ ಕನ್ನಡಿಯಲ್ಲಿ ನೋಡುತ್ತಿದ್ದಳು. ಊರಿಗೆಲ್ಲ ಕನ್ನಡಿ ಕೊಯ್ದು ಕೊಟ್ಟ ಮನುಷ್ಯನಿಗೆ ಅದೊಂದು ಹೊಳೆಯಲಿಲ್ಲ. ಆಮೇಲೆ ಬಾನೆಟ್ ಎತ್ತಿ, ಡೀಸೆಲ್ ಪೈಪಿನೊಳಗಿನ ಗಾಳಿ ಹೋಗುವವರೆಗೆ ಕೈಪಂಪನ್ನು ಒತ್ತಿ ಒತ್ತಿ, ಬೆವರಿಳಿಸುತ್ತ ಒಳಗೆ ಬಂದು ಕೂತರು.

"ಪಂಪೇ," ಎಂದರು, ಆಕೆಯ ಮುಖ ನೋಡದೆ. "ಸರಿ ಮಾಡಿದೆ."

ಅವರು ತವರು ಮುಟ್ಟುವಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. "ಈಗಷ್ಟೇ… ನಿನ್ನನ್ನೇ ಕೇಳ್ತಿದ್ಲು," ಎಂದಳು.

ಒಳಗೆ ಕೂತು ಅಳುತ್ತಿದ್ದಾಗ ಗಂಡ ಬಂದು ಭುಜದ ಮೇಲೆ ಕೈಯಿಟ್ಟರು. ಆ ಕೈ ಡೀಸೆಲ್ ನಾತ ಹೊಡೆಯುತ್ತಿತ್ತು. ಈಗ ಹೇಳುತ್ತಾರೆ ಎಂದು ಆಕೆ ಕಾದಳು. ಮನೆಗೆ ಹೋಗಿ ಹೇಳುತ್ತಾರೆ ಎಂದು ಕಾದಳು. ಮರೆತೆ ಕಣೇ, ಡೀಸೆಲ್ ಹಾಕಿಸಲು ಮರೆತೆ. ಇಷ್ಟು ಮಾತು ಸಾಕಿತ್ತು. ಗಂಡ ಎಲ್ಲರೆದುರೂ ಪಂಪು ಎಂದೇ ಹೇಳಿದರು. ಆಕೆಯೂ ಅಲ್ಲವೆನ್ನಲಿಲ್ಲ. ಅಂದಿನಿಂದ ಆ ಕಾರನ್ನು ಮಾತ್ರ ಹತ್ತಲಿಲ್ಲ. ಮಳೆಯಿರಲಿ ಬಿಸಿಲಿರಲಿ, ಬಸ್ಸೋ ಕಾಲ್ನಡಿಗೆಯೋ. ಗಂಡ ಬಾ ಎಂದು ಒಮ್ಮೆಯೂ ಕರೆಯಲಿಲ್ಲ, ಯಾಕೆ ಬರುವುದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ.

*

ನಾಲ್ಕು ಮಂದಿ ಎತ್ತಿ ಗಾಜಿನವರನ್ನು ಕಾರಿನ ಉದ್ದ ಬೆನ್ನಿನಲ್ಲಿ ಮಲಗಿಸಿದರು. ಮರದ ಚೌಕಟ್ಟನ್ನು ಗ್ರೀಸಣ್ಣ ಬಿಚ್ಚಿ ಗೋಡೆಗೆ ಒರಗಿಸಿದ್ದ. ಅವರ ಎತ್ತರಕ್ಕೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು ಜಾಗ. ಮಗ ಸ್ಟಿಯರಿಂಗಿನ ಮುಂದೆ ಕೂತು ಕಾರು ಶುರು ಮಾಡಿದ. ಅಪ್ಪ ಬದುಕಿರುವಾಗ ಅವನಿಗೆ ಆ ಸೀಟು ಸಿಕ್ಕಿರಲಿಲ್ಲ.

ಆಕೆ ಭಾವನ ಹೊಸ ಕಾರಿನ ಬಾಗಿಲು ಹಿಡಿದು ನಿಂತಳು. ಒಳಗೆ ತಂಗಿ ಜಾಗ ಮಾಡಿಕೊಟ್ಟು ಕರೆಯುತ್ತಿದ್ದಳು. ಆಕೆಯ ಕಾಲು ಏಳಲಿಲ್ಲ. ಬೆಳಗ್ಗೆ ಅದೆಷ್ಟು ಹೊತ್ತು ಆ ಇಂಜಿನ್ ಸುಮ್ಮನೆ ಉರಿಯಿತು? ಸ್ಮಶಾನವಿರುವುದು ಊರಾಚೆ. ಟ್ಯಾಂಕಿನಲ್ಲಿ ಏನಿದೆ ಎಂಬ ಲೆಕ್ಕವಿದ್ದ ತಲೆ ಈಗ ಬಟ್ಟೆಯಡಿ ತಣ್ಣಗೆ ಮಲಗಿದೆ. ಹೇಳಿದರೆ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇಷ್ಟು ಜನರೆದುರು ಬಿಚ್ಚಬೇಕು. ಹೇಳದಿದ್ದರೆ, ಅವರ ಕೊನೆಯ ದಾರಿಯೂ ಬಯಲಲ್ಲಿ ನಿಲ್ಲಬಹುದು. ನಿಲ್ಲಲಿ, ಎಂದು ಆಕೆಯೊಳಗೆ ಯಾರೋ ಅಂದರು. ಆ ದನಿಗೆ ಆಕೆಯೇ ಬೆಚ್ಚಿದಳು.

ಆಕೆ ಹಳೆಯ ಕಾರಿನ ಕಿಟಕಿಗೆ ಬಂದಳು. "ಮೊದಲು ಬಂಕಿಗೆ ಹೋಗು. ಡೀಸೆಲ್ ಹಾಕ್ಸು."

"ಅರ್ಧ ಇದೆಯಲ್ಲಮ್ಮ."

"ಅದು ಯಾವಾಗ್ಲೂ ಅರ್ಧವೇ. ಆ ಮುಳ್ಳು ಕೆಟ್ಟು ಯಾವ ಕಾಲ ಆಯ್ತೋ."

ಭಾವ ಇಳಿದು ಬಂದರು. "ಹೆಣ ಇಟ್ಕೊಂಡು ಬಂಕಿಗಾ? ಜನ ಏನಂದಾರು? ನಿನಗೇನಮ್ಮ ಗೊತ್ತು ಕಾರಿನ ವಿಷಯ, ಹತ್ತಿದವಳೇ ಅಲ್ಲ ನೀನು!"

"ಅವತ್ತು ಪಂಪು ಕೆಟ್ಟಿರ್ಲಿಲ್ಲ ಭಾವ," ಎಂದಳು ಆಕೆ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಡೀಸೆಲ್ ಮುಗಿದಿತ್ತು. ನಾನು ನೋಡಿದ್ದೆ. ಇವತ್ತೂ ಹಾಗಾಗೋದು ಬೇಡ."

ತಂಗಿ ಕಾರಿನೊಳಗಿಂದ ಕತ್ತು ಚಾಚಿದವಳು ಹಾಗೇ ಉಳಿದಳು. ಭಾವ ತಮ್ಮನ ಕಾಲುಗಳ ಕಡೆ ನೋಡಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಅಪ್ಪ ಪಂಪು ಅಂತ…" ಎಂದ ಮಗ.

"ಅಂದಿದ್ರು. ನಡಿ ಈಗ."

ಬಂಕು ಬೀದಿಯ ತಿರುವಿನಲ್ಲೇ ಇತ್ತು. ಕಾರು ಮುಂದೆ, ಜನ ಹಿಂದೆ. ಆಕೆ ಕಾರಿನ ಬದಿಗೆ ಕೈಯಿಟ್ಟುಕೊಂಡು ನಡೆದೇ ಹೋದಳು. ಬಂಕಿನ ಹೆಂಗಸು ಆ ಕಾರನ್ನು ಕಂಡು ನಗುತ್ತ ಎದ್ದವಳು, ಒಳಗಿದ್ದವರನ್ನು ಕಂಡು ತಲೆಯ ಮೇಲಿನ ಟೋಪಿ ತೆಗೆದಳು.

"ತುಂಬ್ಸಿ," ಎಂದಳು ಆಕೆ.

ಹೆಂಗಸು ನಳಿಗೆಯನ್ನು ಟ್ಯಾಂಕಿಗೆ ಇಟ್ಟು ಒತ್ತಿದಳು. ಒಂದು ಲೋಟದಷ್ಟೂ ಹೋಗಿರಲಿಲ್ಲ, ಡೀಸೆಲ್ ಬಾಯಿಗೆ ಬಂದು ನೊರೆಯೆದ್ದು ಹೊರಗೆ ಉಕ್ಕಿತು.

"ಹಿಡಿಸಲ್ಲಮ್ಮ. ನಿನ್ನೆ ಸಂಜೆ ತಾನೇ ಹಾಕ್ಸಿದ್ರು."

"ನಿನ್ನೆಯಾ?"

"ದಿನಾ ಹಾಕ್ಸ್ತಾರೆ. ಎಲ್ಲಿಗೂ ಹೋಗದ ದಿನಾನೂ ಬರೋರು, ಎರಡು ಹನಿ ಹಿಡಿಸಿದ್ರೂ ಸರಿ. ನಾನು ಈ ಕೆಲಸಕ್ಕೆ ಸೇರೋಕೆ ಮುಂಚಿಂದಾನೂ ಹಾಗೇ ಅಂತೆ. ನಾವೆಲ್ಲ ಅವರಿಗೆ ಫುಲ್‌ಟ್ಯಾಂಕ್ ಯಜಮಾನ್ರು ಅಂತಾನೇ ಹೆಸರಿಟ್ಟಿದ್ವಿ." ಹೆಂಗಸು ಕೇಳಬಾರದ್ದನ್ನು ಕೇಳುವವಳ ಹಾಗೆ ಕೇಳಿದಳು. "ಯಾಕಮ್ಮ ಹಾಗೆ ಮಾಡೋರು? ಕೇಳಿದ್ರೆ, ಮನೇಲಿ ಯಾವಾಗ ಎಲ್ಲಿಗೆ ಹೊರಡ್ತಾರೋ ಯಾರಿಗೆ ಗೊತ್ತು ಅಂತಿದ್ರು."

ಡೀಸೆಲ್ ಕಾರಿನ ಮೈಮೇಲೆ ಗೆರೆಯಾಗಿ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಕೆ ಬಗ್ಗಿ ಅಂಗೈಯಿಂದಲೇ ಅದನ್ನು ಒರೆಸಿದಳು. ಮುಚ್ಚಳವನ್ನು ಹೆಂಗಸಿನ ಕೈಯಿಂದ ತೆಗೆದುಕೊಂಡು ತಾನೇ ತಿರುಗಿಸಿ ಬಿಗಿಮಾಡಿದಳು.

"ಬಾ ಅಕ್ಕ, ಹೊತ್ತಾಯ್ತು," ಎಂದು ತಂಗಿ ಹಿಂದಿನಿಂದ ಕರೆದಳು.

ಆಕೆ ಹಳೆಯ ಕಾರನ್ನು ಸುತ್ತಿ ಹೋಗಿ ಮುಂದಿನ ಬಾಗಿಲು ತೆಗೆದಳು. ಮಗ ಕೂತಿದ್ದ ಸೀಟಿನ ಬಟ್ಟೆ ಸವೆದು, ತೇಪೆಯ ಮೇಲೆ ತೇಪೆ ಬಿದ್ದು, ಅಂಚಿನಲ್ಲಿ ನಾರು ಕಿತ್ತು ಬಂದಿತ್ತು. ಪಕ್ಕದ ಸೀಟಿನಲ್ಲಿ ಒಂದು ಎಳೆಯೂ ಮಾಸಿರಲಿಲ್ಲ. ಅದರ ಮೇಲೆ ಯಾರೂ ಒಂದು ಉಪಕರಣವನ್ನೂ ಇಟ್ಟ ಗುರುತಿಲ್ಲ, ಒಂದು ಚೂರು ಗಾಜಿನ ಪುಡಿಯಿಲ್ಲ, ಧೂಳಿಲ್ಲ. ಅಂದು ಬೆಳಗ್ಗೆಯೂ ಒರೆಸಿದ್ದ ಬಟ್ಟೆಯ ಗೆರೆ ಬಾಗಿಲ ಬದಿಯಲ್ಲಿ ಇನ್ನೂ ಕಾಣುತ್ತಿತ್ತು.

ಆಕೆ ಕೂತಳು. ಮಗ ತಾಯಿಯ ಮುಖವನ್ನೊಮ್ಮೆ ನೋಡಿ, ಕಾರನ್ನು ಮೆಲ್ಲಗೆ, ಸೈಕಲ್ಲುಗಳಿಗೂ ದಾರಿ ಬಿಟ್ಟುಕೊಡುತ್ತ ಮುಂದಕ್ಕೆ ತೆಗೆದ. ಆಕೆ ಕೈಯನ್ನು ಹಿಂದಕ್ಕೆ ಚಾಚಿದಳು. ಬಟ್ಟೆಯಡಿಯಲ್ಲಿ ಗಂಡನ ತಲೆ ಸಿಕ್ಕಿತು. ಅದರ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಈ ಸಲ ಮಾತು ಬಂತು.

"ದೇವರೇ, ಇವರಿಗೆ ಹೇಳೋಕೆ ಬರ್ಲಿಲ್ಲ. ನನಗೆ ಕೇಳೋಕೆ ಬರ್ಲಿಲ್ಲ. ನಿನಗೆ ಎಲ್ಲಾ ಗೊತ್ತು. ಇವರನ್ನ ದಾರೀಲಿ ಎಲ್ಲೂ ನಿಲ್ಲಿಸ್ಬೇಡಪ್ಪಾ. ನೆಮ್ಮದಿಯಾಗಿ ನಿನ್ನ ಹತ್ರ ಸೇರಿಸ್ಕೋ."