ಮೂರನೇ ಕಾಲಂ

"ಸ್ಟೂಲ್!"

ವೈಸ್ ಪ್ರಿನ್ಸಿಪಾಲರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೇಕಾದ ವಸ್ತುವನ್ನು ಕರೆಯುತ್ತಿದ್ದರು, ಅದನ್ನು ಹೊತ್ತುಕೊಂಡು ಮನುಷ್ಯ ಬರುತ್ತಿದ್ದ. ಈ ಸಲವೂ ಲ್ಯಾಬಿನ ಅಟೆಂಡರ್ ಓಡುತ್ತ ಬಂದ. ಸ್ಟೂಲಿನ ಒಂದು ಕಾಲು ಗಿಡ್ಡ; ತಂದಿಟ್ಟರಷ್ಟೇ ಸಾಲದು, ಸಾಹೇಬರು ಹತ್ತಿ ಇಳಿಯುವ ತನಕ ಬಗ್ಗಿ ಹಿಡಿದುಕೊಂಡಿರಬೇಕು. ಸ್ಟಾಫ್ ರೂಮಿನಲ್ಲಿ ಕುರ್ಚಿಗಳೇನೋ ಇದ್ದವು, ಎಲ್ಲವೂ ಚಕ್ರದವು. ಎರಡು ವರ್ಷದ ಹಿಂದೆ ಅಂಥದ್ದೊಂದನ್ನು ಹತ್ತಿದ ವೈಸ್ ಪ್ರಿನ್ಸಿಪಾಲರು ಗೋಡೆಯುದ್ದಕ್ಕೂ ಸವಾರಿ ಹೊರಟು, ಕೊನೆಗೆ ನೀರಿನ ಫಿಲ್ಟರನ್ನು ತಬ್ಬಿಕೊಂಡು ನಿಂತಿದ್ದರು. ಆವತ್ತಿನಿಂದ ಸ್ಟೂಲೇ ಗತಿ.

ವೇಳಾಪಟ್ಟಿಯ ಬೋರ್ಡು ಎತ್ತರದಲ್ಲಿತ್ತು. ಕಿಟಕಿಯ ಪಕ್ಕ ನಿಂತು ಇದನ್ನೆಲ್ಲ ನೋಡುತ್ತಿದ್ದ ಲೆಕ್ಕದ ಟೀಚರ್ ಇದ್ದಳಲ್ಲ, ಬೋರ್ಡನ್ನು ಗೋಡೆಗೆ ಹೊಡೆದವನು ಅವಳ ಗಂಡ. ಇದೇ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ. ಉದ್ದನೆಯ ಆಳು, ತನ್ನ ಕೈ ನಿಲುಕುವ ಎತ್ತರಕ್ಕೆ ಹೊಡೆದಿದ್ದ. ಒಂದೊಂದು ವಿಷಯಕ್ಕೂ ಒಂದೊಂದು ಬಣ್ಣದ ರಟ್ಟು ಕತ್ತರಿಸಿ, ಅಕ್ಷರ ಬರೆದು, ಮೊಳೆಗೆ ತೂಗುವಂತೆ ತೂತು ಮಾಡಿಟ್ಟವನೂ ಅವನೇ. ಅವನು ತೀರಿಹೋಗಿ ಹದಿನಾರು ತಿಂಗಳಾಗಿತ್ತು. ರಟ್ಟುಗಳ ಬಣ್ಣ ಇನ್ನೂ ಮಾಸಿರಲಿಲ್ಲ.

ಈ ವರ್ಷ ವೇಳಾಪಟ್ಟಿಯ ಕೆಲಸ ಅವಳ ತಲೆಗೆ ಬಂದಿತ್ತು. "ನಿಮ್ಮ ಮನಸ್ಸಿಗೂ ಏನಾದ್ರೂ ಒಂದು ಕೆಲಸ ಇರ್ಲಿ ಅಂತ, ಮೇಡಂ," ಎಂದು ವೈಸ್ ಪ್ರಿನ್ಸಿಪಾಲರು ಕತ್ತನ್ನು ಒಂದು ಕಡೆಗೆ ವಾಲಿಸಿ ಹೇಳಿದ್ದರು. ಈ ವಾಲಿದ ಕತ್ತುಗಳು ಅವಳಿಗೆ ಅಭ್ಯಾಸವಾಗಿದ್ದವು. ಕತ್ತು ವಾಲಿತೆಂದರೆ ಅದರ ಬೆನ್ನಿಗೇ ಒಂದು ಹೆಚ್ಚುವರಿ ಕೆಲಸ ಬರುತ್ತಿದೆ ಎಂದೇ ಲೆಕ್ಕ. ಪರೀಕ್ಷೆಯ ಮೇಲ್ವಿಚಾರಣೆ ಹಾಗೇ ಬಂದಿತ್ತು, ಲೈಬ್ರರಿಯ ಬೀಗವೂ ಹಾಗೇ ಬಂದಿತ್ತು.

ಮೇಲಿನ ತರಗತಿಯಲ್ಲಿ ಮೂವತ್ತೊಂಬತ್ತು ಮಕ್ಕಳು. ಭಾಷೆ, ಗಣಿತ ಎಲ್ಲರಿಗೂ ಇರುವವು. ಅವುಗಳ ಜೊತೆ ಒಬ್ಬೊಬ್ಬರು ಮೂರು ಐಚ್ಛಿಕ ವಿಷಯಗಳನ್ನು ಚೀಟಿಯಲ್ಲಿ ಬರೆದು, ಮನೆಯವರ ಸಹಿ ಹಾಕಿಸಿ ತರಬೇಕು. ಬೋರ್ಡಿನಲ್ಲಿ ಮೂರು ಕಾಲಂ. ಒಂದು ಕಾಲಮ್ಮಿನ ಪಾಠಗಳೆಲ್ಲ ಒಂದೇ ಹೊತ್ತಿಗೆ ನಡೆಯುವುದರಿಂದ ಒಂದು ಮಗು ಅದರಲ್ಲಿ ಒಂದನ್ನೇ ಓದಬಹುದು. ಹಾಗಾಗಿ ಯಾರಿಗೂ ಜೊತೆಯಾಗಿ ಬೇಡದ ವಿಷಯಗಳನ್ನು ಹುಡುಕಿ ಒಂದು ಕಾಲಮ್ಮಿಗೆ ಹಾಕಬೇಕು. ಅವಳು ಚೌಕುಳಿ ಹಾಳೆಯ ಮೇಲೆ ಎಲ್ಲ ವಿಷಯಗಳನ್ನು ಅಡ್ಡಕ್ಕೂ ಉದ್ದಕ್ಕೂ ಬರೆದು, ಯಾವ ಜೋಡಿ ಎಷ್ಟು ಮಕ್ಕಳಿಗೆ ಬೇಕು ಎಂದು ಎಣಿಸಿ ತುಂಬಿದ್ದಳು. ಭೌತಶಾಸ್ತ್ರ ಮತ್ತು ಚಿತ್ರಕಲೆ ಸೇರುವ ಮನೆಯಲ್ಲಿ ಹನ್ನೊಂದು. ಕಂಪ್ಯೂಟರ್ ಮತ್ತು ಚಿತ್ರಕಲೆ ಸೇರುವಲ್ಲಿ ಸೊನ್ನೆ. ಆದ್ದರಿಂದ ಭೌತಶಾಸ್ತ್ರವನ್ನು ಮೊದಲನೇ ಕಾಲಮ್ಮಿಗೂ, ಚಿತ್ರಕಲೆಯನ್ನು ಕಂಪ್ಯೂಟರ್ ಮತ್ತು ಭೂಗೋಳ ಇದ್ದ ಮೂರನೆಯದಕ್ಕೂ ಹಾಕಿದ್ದಳು. ಎಲ್ಲ ಸರಿಹೋಗಿತ್ತು.

ಈಗ ವೈಸ್ ಪ್ರಿನ್ಸಿಪಾಲರು ಸ್ಟೂಲ್ ಹತ್ತಿ ಚಿತ್ರಕಲೆಯ ರಟ್ಟನ್ನು ಮೂರನೇ ಕಾಲಮ್ಮಿನಿಂದ ಕಿತ್ತು ಮೊದಲನೆಯದಕ್ಕೆ, ಭೌತಶಾಸ್ತ್ರದ ಕೆಳಗೆ ತಗುಲಿಹಾಕಿದರು.

"ಸರ್, ಆ ಎರಡೂ ಬೇಕು ಅಂದವರು ಹನ್ನೊಂದು ಜನ ಇದಾರೆ."

"ಎರಡೂ ಯಾಕಂತೆ? ಒಂದು ಕೈಲಿ ಬ್ರಶ್ಶು, ಒಂದು ಕೈಲಿ ಬ್ಯಾಟರಿ ಹಿಡ್ಕೊಂಡು ಎಲ್ಲಿಗೆ ಹೊರಟಿದಾವೆ?"

ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಇತಿಹಾಸದ ಮೇಷ್ಟ್ರು ತಲೆ ಎತ್ತದೆ ನಕ್ಕರು. ವೈಸ್ ಪ್ರಿನ್ಸಿಪಾಲರ ಪ್ರತಿ ಹಾಸ್ಯಕ್ಕೂ ಅವರು ನಗುತ್ತಿದ್ದರು, ಆದರೆ ಸ್ವಲ್ಪ ತಡವಾಗಿ. ಹಾಸ್ಯ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡು.

"ಕಟ್ಟಡದ ಡಿಸೈನ್ ಓದೋಕೆ ಎರಡೂ ಕೇಳ್ತಾರೆ ಸರ್," ಎಂದಳು. ಸ್ಟೂಲ್ ಹಿಡಿದಿದ್ದ ಅಟೆಂಡರನ ಬಗ್ಗಿದ ಬೆನ್ನು ಒಂದಿಷ್ಟು ಅಲುಗಿತು. ಹನ್ನೊಂದರಲ್ಲಿ ಒಬ್ಬಳು ಅವನ ಮಗಳು. ಶಾಲೆಯ ಮೆಟ್ಟಿಲುಗಳನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಿದ್ದರೆ ಊಟದ ಬೆಲ್ಲಿಗೆ ನೂಕುನುಗ್ಗಲು ಆಗುತ್ತಿರಲಿಲ್ಲ ಎಂದು ನಕ್ಷೆ ಬರೆದು ತೋರಿಸಿದ್ದ ಹುಡುಗಿ.

"ಮೂರನೇ ಕಾಲಮ್ಮಲ್ಲಿ ಅವರಿಗೆ ಏನು ಉಳಿಯುತ್ತೆ? ಕಂಪ್ಯೂಟರ್ ಇರೋದೇ ಇಪ್ಪತ್ನಾಲ್ಕು. ತುಂಬಿದೆ," ಎಂದು ಅವಳೇ ಮುಂದುವರಿಸಿದಳು.

"ಭೂಗೋಳ ಇದೆಯಲ್ಲ," ಎಂದರು ಅವರು, ಆಗಷ್ಟೇ ನೆನಪಾದವರಂತೆ.

ಭೂಗೋಳ ಅವರದೇ ವಿಷಯ. ಅದನ್ನು ಬರೆದಿದ್ದವರು ನಾಲ್ಕೇ ಮಕ್ಕಳು. ಹತ್ತಕ್ಕಿಂತ ಕಡಿಮೆಯಾದರೆ ಆ ವರ್ಷ ವಿಷಯವನ್ನು ಕೈಬಿಡಬೇಕೆಂಬ ನಿಯಮ ಬರೆದವರೂ ಅವರೇ. ಹೋದ ವರ್ಷ ಸಂಗೀತದ ಟೀಚರನ್ನು ಅದೇ ನಿಯಮ ತೋರಿಸಿ ಮನೆಗೆ ಕಳಿಸಿದ್ದರು. ಈಗ ಭೂಗೋಳ ಹೋದರೆ ಅವರು ಆರನೇ ಕ್ಲಾಸಿಗೆ ಇಳಿಯಬೇಕು. ಅಲ್ಲಿ ಮೂಗು ಒರೆಸಿಕೊಳ್ಳುತ್ತ ಪೆನ್ಸಿಲ್ ಕಳ್ಳರ ಮೇಲೆ ದೂರು ಹೇಳುವ ಅರವತ್ತು ಮಕ್ಕಳಿದ್ದರು.

"ನಾಲ್ಕು ಜನ ಇದ್ರೂ ನಡೆಸ್ತೀನಿ ಅಂತ ದೊಡ್ಡ ಮೇಡಂ ಹತ್ರ ಕೇಳ್ಕೊಳ್ಳಿ ಸರ್. ಬೇಡ ಅನ್ನಲ್ಲ ಅವರು." ದೊಡ್ಡ ಮೇಡಂ ಎಂದರೆ ಪ್ರಿನ್ಸಿಪಾಲರು.

"ಕೇಳ್ಕೋಬೇಕಾ? ನಾನಾ?"

ಅವರು ಅಟೆಂಡರನ ಹೆಗಲಿಗೆ ಕೈ ಊರಿ ಕೆಳಗಿಳಿದರು. ಹತ್ತಿರ ಬಂದು ದನಿ ಇಳಿಸಿದರು. ಕತ್ತು ವಾಲಿತು.

"ಚಿತ್ರಕಲೆ ಅಂದ್ರೆ ನಿಮಗೆ... ನನಗೆ ಅರ್ಥ ಆಗುತ್ತೆ, ಮೇಡಂ. ಆದ್ರೆ ವೇಳಾಪಟ್ಟೀಲಿ ಸೆಂಟಿಮೆಂಟ್ ತರಬಾರದು."

ಅವಳಿಗೆ ಸಿಟ್ಟು ಬರಬೇಕಿತ್ತು. ಹದಿನಾರು ತಿಂಗಳಿಂದ ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. ಹಸಿವೂ ಇಲ್ಲ, ನಿದ್ದೆಯೂ ಇಲ್ಲ. ತಾತ್ಸಾರವೊಂದು ಮಾತ್ರ ಊಟದ ಹೊತ್ತಿಗೆ ಸರಿಯಾಗಿ, ದಿನಕ್ಕೆ ಮೂರು ಸಲ ಬರುತ್ತಿತ್ತು. ಅವರ ಕೋಟಿನ ಜೇಬಿನಲ್ಲಿ ಸಾಲಾಗಿ ಸಿಕ್ಕಿಸಿದ್ದ ನಾಲ್ಕು ಪೆನ್ನುಗಳನ್ನು ನೋಡಿದಳು. ಅವುಗಳಲ್ಲಿ ಎರಡು ಬರೆಯುತ್ತಿರಲಿಲ್ಲವೆಂದು ಇಡೀ ಶಾಲೆಗೆ ಗೊತ್ತಿತ್ತು.

ಮೂರು ದಿನ ಕಳೆದ ಮೇಲೆ ವೈಸ್ ಪ್ರಿನ್ಸಿಪಾಲರು ಚೀಟಿಗಳ ಕಟ್ಟನ್ನು ಅವಳ ಮೇಜಿನ ಮೇಲೆ ಇಟ್ಟರು. "ಇನ್ನೊಂದ್ಸಲ ಎಣಿಸಿ, ಮೇಡಂ."

ಎಣಿಸಿದಳು. ಭೌತಶಾಸ್ತ್ರ ಮತ್ತು ಚಿತ್ರಕಲೆ ಸೇರುವ ಮನೆಯಲ್ಲಿ ಸೊನ್ನೆ ಬಂತು. ಇನ್ನೊಮ್ಮೆ ಎಣಿಸಿದಳು, ಸೊನ್ನೆಯೇ. ಹನ್ನೊಂದು ಚೀಟಿಗಳು ಹೊಸವು. ಆರು ಮಕ್ಕಳು ಚಿತ್ರಕಲೆ ಬಿಟ್ಟಿದ್ದರು, ಐವರು ಭೌತಶಾಸ್ತ್ರ ಬಿಟ್ಟಿದ್ದರು. ಚಿತ್ರಕಲೆಗೆ ಉಳಿದವರು ಐದೇ ಜನ; ಹತ್ತರ ನಿಯಮ ಈ ಸಲ ಸಾಹೇಬರಿಗೆ ನೆನಪಾಗಿರಲಿಲ್ಲ. ಮೂರನೇ ಸಾಲಿನಲ್ಲಿ ಹನ್ನೊಂದರಲ್ಲೂ ಭೂಗೋಳ. ಎಲ್ಲದರ ಕೆಳಗೂ ಮನೆಯವರ ಸಹಿ. ಒಂದು ಸಹಿಯಲ್ಲಿ ಅಕ್ಷರಗಳು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಕೂತಿದ್ದವು. ಆ ಕೈಬರಹವನ್ನು ಅವಳು ಲ್ಯಾಬಿನ ಬಾಟಲಿಗಳ ಮೇಲೆ ದಿನವೂ ನೋಡುತ್ತಿದ್ದಳು.

"ಕ್ಲಾಶ್ ಇದೆಯಾ?"

"ಇಲ್ಲ."

"ನೋಡಿದ್ರಾ! ಕೂತು ಮಾತಾಡಿದ್ರೆ ಎಲ್ಲಾ ಬಗೆಹರಿಯುತ್ತೆ. ನಾಳೆ ಹತ್ತಕ್ಕೆ ದೊಡ್ಡ ಮೇಡಂ ಬೋರ್ಡ್ ನೋಡೋಕೆ ಬರ್ತಾರೆ. ಕೆಳಗೆ 'ಸಿದ್ಧಪಡಿಸಿದವರು' ಅಂತ ಇದೆಯಲ್ಲ, ಅಲ್ಲಿ ನಿಮ್ಮ ಸಹಿ ಇರ್ಲಿ."

"ಹಳೇ ಚೀಟಿಗಳು?"

"ಅವ್ಯಾಕೆ ಈಗ? ಬುಟ್ಟಿಗೆ ಹಾಕ್ದೆ."

ಅವರು ಹೊರಗೆ ಹೋದ ಮೇಲೆ ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದರು. "ಹಾಕ್ಬಿಡಮ್ಮ. ಸಹಿ ತಾನೇ? ನಾನು ಇಪ್ಪತ್ತೆರಡು ವರ್ಷದಿಂದ ಹಾಕ್ತಾ ಇದೀನಿ. ನಂಗೇನಾಗಿದೆ ನೋಡು."

ಏನಾಗಿದೆ ಎಂದು ಅವಳು ನೋಡಿದಳು. ಸಾಕಷ್ಟೇ ಆಗಿತ್ತು.

ಅಟೆಂಡರ್ ಲ್ಯಾಬಿನಲ್ಲಿ ಪ್ರನಾಳಗಳನ್ನು ತೊಳೆಯುತ್ತಿದ್ದ.

"ಮಗಳ ಚೀಟಿಗೆ ಸಹಿ ಹಾಕಿದೀರ, ಅಣ್ಣ."

"ಹಾಕ್ದೆ ಮೇಡಂ."

"ಓದಿದ್ರಾ?"

"ಓದ್ದೆ."

"ಓದಿ ಹಾಕಿದ್ರಾ?"

ಅವನು ಇನ್ನೊಂದು ಪ್ರನಾಳಕ್ಕೆ ಬ್ರಶ್ ತೂರಿಸಿದ. "'ಪೆನ್' ಅಂತ ಕೂಗಿದ್ರು. ತಗೊಂಡು ಓಡಿದೆ. ಹೋಗಿ ನೋಡಿದ್ರೆ ಸಹಿ ಹಾಕ್ಬೇಕಾಗಿದ್ದು ನಾನೇ."

ಹೆತ್ತ ಮಗಳ ಮೇಲೆ ಯಾರೋ ಹತ್ತಿ ನಿಂತರೂ ಈತ ಬಗ್ಗಿ ಕಾಲು ಹಿಡಿದುಕೊಂಡಿರುತ್ತಾನೆ ಎಂದುಕೊಂಡಳು. "ಮಗಳು ಏನಂದ್ಲು?" ಎಂದು ಕೇಳಿದಳು.

"'ಅಪ್ಪ, ನಿಂಗೆ ಓದೋಕೆ ಬರುತ್ತಲ್ವಾ' ಅಂದ್ಲು. ಅಷ್ಟೇ. ಆಮೇಲೆ ಮಾತೇ ಇಲ್ಲ." ನಲ್ಲಿ ನಿಲ್ಲಿಸಿದ. "ನಾಳೆ ಬೋರ್ಡಿನ ಕೆಳಗೆ ನೀವು ಸಹಿ ಹಾಕಲ್ವಾ, ಮೇಡಂ?"

ಚುಚ್ಚುಮಾತಲ್ಲ ಅದು. ನಾಳೆ ಶಾಲೆ ಇದೆಯೋ ರಜವೋ ಎಂದು ಕೇಳುವಂತೆ ಕೇಳಿದ್ದ. ಇಷ್ಟು ದಿನ ಎಲ್ಲರಿಗೂ ಧಾರಾಳವಾಗಿ ಹಂಚಿದ ತಾತ್ಸಾರದಲ್ಲಿ ತನ್ನ ಪಾಲನ್ನು ಅವಳು ತೆಗೆದಿಟ್ಟಿರಲೇ ಇಲ್ಲ.

ಅಟೆಂಡರ್ ಕೈ ಒರೆಸಿಕೊಂಡು ಬೀರು ತೆಗೆದ. ತೂಕದ ಬಟ್ಟುಗಳ ಮರದ ಪೆಟ್ಟಿಗೆಯನ್ನು ಎತ್ತಿ, ಅದರ ಕೆಳಗಿನಿಂದ ಕಾಗದಗಳನ್ನು ತೆಗೆದು ಅವಳ ಮುಂದೆ ಇಟ್ಟ. ಹನ್ನೊಂದು ಚೀಟಿಗಳು. ಮುದುಡಿದ ಗೆರೆಗಳು ಉಳಿದಿದ್ದವು, ಆದರೆ ಚಪ್ಪಟೆಯಾಗಿದ್ದವು.

"ಬುಟ್ಟೀಲಿದ್ವು. ಯಾಕೆ ಎತ್ತಿಟ್ಟೆ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ. ಕಸ ಎತ್ತೋದು ನನ್ನ ಕೆಲಸ. ಎತ್ತಿದೆ."

ಅವನ ಮಗಳ ಚೀಟಿ ಎಲ್ಲಕ್ಕಿಂತ ಕೆಳಗಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಚಿತ್ರಕಲೆ. ಕೊನೆಯದರ ಅಡಿಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದಿದ್ದಳು. ಕೆಳಗೆ ಅದೇ ಬಿಡಿಬಿಡಿ ಅಕ್ಷರಗಳ ಸಹಿ.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಚಕ್ರದ ಕುರ್ಚಿಯೊಂದನ್ನು ಗೋಡೆಗೆ ಒತ್ತರಿಸಿ ಹತ್ತಿದಳು. ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಬಿದ್ದರೆ ಬಿದ್ದೆ ಎಂದುಕೊಂಡಳು. ಈಚೆಗೆ ಅದೂ ಅವಳಿಗೆ ಅಂಥ ದೊಡ್ಡ ಸಂಗತಿಯಾಗಿರಲಿಲ್ಲ. ಚಿತ್ರಕಲೆಯ ರಟ್ಟನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದಳು. ಗಂಡನ ಅಕ್ಷರ. ಏನಾದರೂ ಆದೀತೆಂದು ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ರಟ್ಟು, ಅಷ್ಟೇ. ಅದನ್ನು ಮೂರನೇ ಕಾಲಮ್ಮಿಗೆ ಹಾಕಿದಳು. ಬೋರ್ಡಿನ ಮೇಲಂಚಿನಲ್ಲಿ ಹನ್ನೊಂದು ಹಳೆಯ ಚೀಟಿಗಳನ್ನು ಸಾಲಾಗಿ ಪಿನ್ನು ಚುಚ್ಚಿ ನಿಲ್ಲಿಸಿ, ಒಂದೊಂದರ ಪಕ್ಕಕ್ಕೂ ಅದರ ಹೊಸ ಚೀಟಿಯನ್ನು ಚುಚ್ಚಿದಳು. ಕೆಳಗಿಳಿದು 'ಸಿದ್ಧಪಡಿಸಿದವರು' ಎಂದಿದ್ದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಹತ್ತಕ್ಕೆ ಐದು ನಿಮಿಷ ಇರುವಾಗ ವೈಸ್ ಪ್ರಿನ್ಸಿಪಾಲರು ಬಂದರು. ಬೋರ್ಡು ನೋಡಿದರು. ಮತ್ತೆ ನೋಡಿದರು.

"ಏನಿದು, ಮೇಡಂ?"

"ವೇಳಾಪಟ್ಟಿ, ಸರ್."

ಅವರು ಕೈ ಚಾಚಿದರು, ನಿಲುಕಲಿಲ್ಲ. ಒಂದು ಸಲ ಎಗರಿದರು. ನಾಲ್ಕು ಪೆನ್ನುಗಳಲ್ಲಿ ಒಂದು ಜೇಬಿನಿಂದ ಹಾರಿ ನೆಲಕ್ಕೆ ಬಿತ್ತು. ಇತಿಹಾಸದ ಮೇಷ್ಟ್ರು ಅದನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅವರ ಬಾಯಿಂದ ಸಣ್ಣ ನಗೆಯೊಂದು ಹೊರಬಿದ್ದಿತು. ಹೊರಗೆ ಮೆಟ್ಟಿಲ ಮೇಲೆ ದೊಡ್ಡ ಮೇಡಂ ಅವರ ಚಪ್ಪಲಿಯ ಸದ್ದು ಕೇಳತೊಡಗಿತು.

"ಸ್ಟೂಲ್!"

ಅಟೆಂಡರ್ ಸ್ಟೂಲ್ ತಂದ. ಓಡಿ ಬರಲಿಲ್ಲ. ಬಾಗಿಲಲ್ಲೇ ಇಳಿಸಿ, ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸತೊಡಗಿದ.

"ಏನಯ್ಯ, ಕಿವಿ ಕೇಳಿಸಲ್ವಾ? ತಾ ಇಲ್ಲಿ!"

"ಧೂಳಿದೆ ಸರ್. ನಿಮ್ಮ ಕಾಲಿಗಾಗುತ್ತೆ."

ಹಲಗೆಯ ಮೇಲೆ ಒರೆಸಿದ, ಅಂಚು ಒರೆಸಿದ. ಆಮೇಲೆ ಸ್ಟೂಲನ್ನು ತಲೆಕೆಳಗು ಮಾಡಿ ನೆಲದ ಮೇಲಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಂದು ಕಾಲನ್ನು ಬುಡದಿಂದ ತುದಿಯವರೆಗೆ ಒರೆಸಿದ. ಎರಡನೆಯದು. ಮೂರನೆಯದು. ಮೆಟ್ಟಿಲ ಮೇಲಿನ ಸದ್ದು ತಿರುವಿಗೆ ಬಂದು, ಒಂದು ಕ್ಷಣ ನಿಂತು, ಮತ್ತೆ ಏರತೊಡಗಿತು. ಅವನು ಬಟ್ಟೆಯನ್ನು ಕೊಡವಿ, ಮಡಿಸಿ, ಗಿಡ್ಡ ಕಾಲನ್ನು ಒರೆಸಲು ಶುರುಮಾಡಿದ.